ಗಾಳಿಯಂತೆ ಓಡುವವರ ವೇಗ ಅಳೆಯುವುದು ಹೇಗೆ?

ಮಕ್ಕಳೇ, ಕಾರ ಹುಣ್ಣಿಮೆಯ ದಿನ ಎತ್ತುಗಳ ಕರಿ ಹರಿಯುವುದನ್ನು ನೀವು ನೋಡಿರುತ್ತೀರಿ. ಬಣ್ಣ ಬಳಿದ ಎತ್ತುಗಳು ಓಡಿ ಬರುತ್ತವೆ, ಅವುಗಳ ಹಿಂದೆ ಹುಡುಗರು ಓಡುತ್ತಾರೆ. ಆಮೇಲೆ ಕಟ್ಟೆಯ ಮೇಲೆ ವಾದ ಶುರುವಾಗುತ್ತದೆ. “ನಮ್ಮ ಎತ್ತು ಗಾಳಿ ಹಂಗ ಬಂತು” ಎಂದು ಒಬ್ಬರು, “ನಮ್ಮ ಹುಡುಗ ಎತ್ತಿಗಿಂತ ಜೋರು ಓಡಿದ” ಎಂದು ಇನ್ನೊಬ್ಬರು. ಯಂಕಂಚಿಯಾಗಲಿ, ಸಿಂದಗಿಯಾಗಲಿ, ಇಂಡಿ ಕಡೆಯ ಯಾವ ಊರೇ ಆಗಲಿ, ಈ ವಾದ ಬೇಗ ಮುಗಿಯುವುದಿಲ್ಲ. ಏಕೆ ಗೊತ್ತೇ? ಯಾರೂ ಅಳತೆ ಮಾಡಿರುವುದಿಲ್ಲ!

ಶಾಲೆಯ ಮೈದಾನದಲ್ಲೂ ಹೀಗೆಯೇ. ಖೊ ಖೊ ಆಡುವಾಗ ಒಬ್ಬಳು ಯಾರ ಕೈಗೂ ಸಿಗುವುದಿಲ್ಲ. ಅವಳು ನಿಜವಾಗಿಯೂ ಎಷ್ಟು ಜೋರಾಗಿ ಓಡುತ್ತಾಳೆ? ಗಂಟೆಗೆ 20 ಕಿಲೋಮೀಟರೋ, 30 ಕಿಲೋಮೀಟರೋ? ಇದನ್ನು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಅಳತೆ ಟೇಪು, ಒಂದು ಗಡಿಯಾರ ಮತ್ತು ಸ್ವಲ್ಪ ಎಚ್ಚರ ಸಾಕು. ಎಚ್ಚರ ಏಕೆ ಬೇಕು ಎಂಬುದನ್ನು ನಮ್ಮ ರಾಜ್ಯದಲ್ಲೇ ನಡೆದ ಒಂದು ಘಟನೆಯಿಂದ ತಿಳಿಯೋಣ.

ಕಂಬಳದ ಗದ್ದೆಯಲ್ಲಿ ‘ವಿಶ್ವದಾಖಲೆ’?

ಕರಾವಳಿಯ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕಂಬಳ ಎಂಬ ಕ್ರೀಡೆ ಇದೆ. ನೀರು ತುಂಬಿದ ಕೆಸರು ಗದ್ದೆಯಲ್ಲಿ ಜೋಡಿ ಕೋಣಗಳನ್ನು ಓಡಿಸುತ್ತಾರೆ. ಓಟದ ಹಾದಿಯನ್ನು ಅಲ್ಲಿ ‘ಕರೆ’ ಎನ್ನುತ್ತಾರೆ. ಕೋಣಗಳ ಹಿಂದೆ ಒಬ್ಬ ಓಟಗಾರ ಬರಿಗಾಲಿನಲ್ಲಿ ಓಡುತ್ತಾನೆ.

2020ರ ಫೆಬ್ರುವರಿಯಲ್ಲಿ ಐಕಳ ಎಂಬಲ್ಲಿ ಕಂಬಳ ನಡೆಯಿತು. ಅಲ್ಲಿ ಮೂಡುಬಿದಿರೆ ಸಮೀಪದ ಶ್ರೀನಿವಾಸ ಗೌಡ ಎಂಬ ಓಟಗಾರರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿದರು: 142.5 ಮೀಟರಿಗೆ 13.62 ಸೆಕೆಂಡು ಆದರೆ 100 ಮೀಟರಿಗೆ ಎಷ್ಟು? ನಿಮಗೂ ಗೊತ್ತಿರುವ ತ್ರೈರಾಶಿ ಲೆಕ್ಕ.

13.62 × 100 ÷ 142.5 = ಸುಮಾರು 9.56 ಸೆಕೆಂಡು.

100 ಮೀಟರ್ ಓಟದ ವಿಶ್ವದಾಖಲೆ 9.58 ಸೆಕೆಂಡು. ಜಮೈಕಾ ದೇಶದ ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಮಾಡಿದ ದಾಖಲೆ ಅದು. ಅಂದರೆ ನಮ್ಮ ಕಂಬಳದ ಓಟಗಾರ ಬೋಲ್ಟನನ್ನೇ ಮೀರಿಸಿದರು! ಸುದ್ದಿ ದೇಶವಿದೇಶಗಳಲ್ಲಿ ಹರಡಿತು. ಕೇಂದ್ರದ ಕ್ರೀಡಾ ಸಚಿವರು ಓಟದ ಪರೀಕ್ಷೆಗೆ ಆಹ್ವಾನ ಕೊಟ್ಟರು. ಕೆಲವೇ ದಿನಗಳಲ್ಲಿ ವೇಣೂರಿನ ಕಂಬಳದಲ್ಲಿ ನಿಶಾಂತ್ ಶೆಟ್ಟಿ ಎಂಬ ಇನ್ನೊಬ್ಬ ಓಟಗಾರರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅದೇ ತ್ರೈರಾಶಿ ಹಾಕಿದರೆ 9.52 ಸೆಕೆಂಡು!

ಈಗ ಸ್ವಲ್ಪ ಯೋಚಿಸಿ. ಹತ್ತು ವರ್ಷಗಳಿಂದ ಇಡೀ ಜಗತ್ತಿನ ಓಟಗಾರರು ಮುರಿಯಲಾಗದ ದಾಖಲೆ ಒಂದೇ ಜಿಲ್ಲೆಯಲ್ಲಿ, ಒಂದೇ ತಿಂಗಳಲ್ಲಿ ಎರಡು ಸಲ ಮುರಿಯಿತೇ? ಇಂಥ ಸಂದರ್ಭದಲ್ಲಿ ವಿಜ್ಞಾನಿ ಏನು ಮಾಡುತ್ತಾನೆ? ಓಟಗಾರರ ಮೇಲೆ ಅನುಮಾನ ಪಡುವುದಿಲ್ಲ. ಅವರು ಓಡಿದ್ದು ನಿಜ, ಸಾವಿರಾರು ಜನ ನೋಡಿದ್ದೂ ನಿಜ. ವಿಜ್ಞಾನಿ ಮೊದಲು ಲೆಕ್ಕವನ್ನು ಪರೀಕ್ಷಿಸುತ್ತಾನೆ. ನಾವೂ ಹಾಗೆಯೇ ಮಾಡೋಣ.

ಜವ ಎಂದರೇನು?

ಒಂದು ವಸ್ತು ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಸಾಗುತ್ತದೆ ಎಂಬುದೇ ಅದರ ಜವ. ದಿನದ ಮಾತಿನಲ್ಲಿ ಇದನ್ನೇ ವೇಗ ಎನ್ನುತ್ತೇವೆ.

ಜವ = ದೂರ ÷ ಕಾಲ

ಸಿಂದಗಿಯಿಂದ ವಿಜಯಪುರಕ್ಕೆ 60 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಬಸ್ಸು ಒಂದೂವರೆ ಗಂಟೆ ತೆಗೆದುಕೊಂಡರೆ ಅದರ ಜವ ಗಂಟೆಗೆ 40 ಕಿಲೋಮೀಟರ್. ಆದರೆ ಬಸ್ಸು ದಾರಿಯುದ್ದಕ್ಕೂ 40ರಲ್ಲೇ ಓಡಿತೇ? ಇಲ್ಲ. ದೇವರ ಹಿಪ್ಪರಗಿಯಲ್ಲಿ ನಿಂತಾಗ ಅದರ ಜವ ಸೊನ್ನೆ. ಬಯಲು ರಸ್ತೆಯಲ್ಲಿ ಚಾಲಕನ ಮುಂದಿನ ಮುಳ್ಳು 60 ತೋರಿಸಿರಬಹುದು. ಹಾಗಾದರೆ ಈ 40 ಏನು? ಅದು ಸರಾಸರಿ ಜವ. ಅತಿ ಹೆಚ್ಚು ಮುಟ್ಟಿದ 60 ಗರಿಷ್ಠ ಜವ. ಇವೆರಡೂ ಬೇರೆ ಬೇರೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಓಟಗಾರರ ಲೆಕ್ಕದಲ್ಲಿ ಆಗುವ ಅರ್ಧ ಗೊಂದಲ ಇವೆರಡನ್ನು ಬೆರೆಸುವುದರಿಂದಲೇ ಆಗುತ್ತದೆ.

ಇನ್ನೊಂದು ಸಣ್ಣ ವಿಷಯ. ಸೆಕೆಂಡಿಗೆ ಇಷ್ಟು ಮೀಟರ್ ಎಂಬುದನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಬದಲಿಸಬೇಕೇ? 3.6ರಿಂದ ಗುಣಿಸಿ. ಒಂದು ಗಂಟೆಗೆ 3600 ಸೆಕೆಂಡು, ಒಂದು ಕಿಲೋಮೀಟರಿಗೆ 1000 ಮೀಟರ್. 3600ನ್ನು 1000ದಿಂದ ಭಾಗಿಸಿದರೆ 3.6 ಬರುತ್ತದೆ, ಅಷ್ಟೇ.

ಬೋಲ್ಟನ ಓಟವನ್ನು ತುಂಡು ಮಾಡಿ ನೋಡೋಣ

ಬರ್ಲಿನ್ ಓಟದಲ್ಲಿ ಬೋಲ್ಟನ ಕಾಲವನ್ನು ಪ್ರತಿ 20 ಮೀಟರಿಗೆ ಒಮ್ಮೆ ಅಳೆದಿದ್ದಾರೆ. ಅದು ಹೀಗಿದೆ:

ಮೊದಲ 20 ಮೀಟರ್: 2.89 ಸೆಕೆಂಡು, ಜವ ಸೆಕೆಂಡಿಗೆ 6.9 ಮೀಟರ್
20ರಿಂದ 40 ಮೀಟರ್: 1.75 ಸೆಕೆಂಡು, ಜವ ಸೆಕೆಂಡಿಗೆ 11.4 ಮೀಟರ್
40ರಿಂದ 60 ಮೀಟರ್: 1.67 ಸೆಕೆಂಡು, ಜವ ಸೆಕೆಂಡಿಗೆ 12.0 ಮೀಟರ್
60ರಿಂದ 80 ಮೀಟರ್: 1.61 ಸೆಕೆಂಡು, ಜವ ಸೆಕೆಂಡಿಗೆ 12.4 ಮೀಟರ್
80ರಿಂದ 100 ಮೀಟರ್: 1.66 ಸೆಕೆಂಡು, ಜವ ಸೆಕೆಂಡಿಗೆ 12.0 ಮೀಟರ್

ಐದೂ ಕಾಲಗಳನ್ನು ಕೂಡಿಸಿ ನೋಡಿ, 9.58 ಬರುತ್ತದೆ. ಏನು ಕಾಣುತ್ತದೆ? ಮೊದಲ 20 ಮೀಟರಿಗೇ ಹೆಚ್ಚು ಸಮಯ ಹಿಡಿದಿದೆ. ನಿಂತಲ್ಲಿಂದ ದೇಹಕ್ಕೆ ವೇಗ ಬರಬೇಕಲ್ಲ? ಆಮೇಲೆ ಜವ ಏರುತ್ತ ಹೋಗಿದೆ. 60ರಿಂದ 80 ಮೀಟರಿನ ನಡುವೆ ಅದು ಶಿಖರ ಮುಟ್ಟಿದೆ. ಕೊನೆಗೆ ಬೋಲ್ಟನಂಥ ಬೋಲ್ಟನೂ ಸ್ವಲ್ಪ ನಿಧಾನವಾಗಿದ್ದಾನೆ! ಅವನ ಸರಾಸರಿ ಜವ ಸೆಕೆಂಡಿಗೆ 10.4 ಮೀಟರ್, ಅಂದರೆ ಗಂಟೆಗೆ ಸುಮಾರು 37.6 ಕಿಲೋಮೀಟರ್. ಗರಿಷ್ಠ ಜವ ಗಂಟೆಗೆ ಸುಮಾರು 44.7 ಕಿಲೋಮೀಟರ್.

ಅದೇ 2009ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ನೇರ ಹಾದಿ ಹಾಸಿ 150 ಮೀಟರ್ ಓಟ ನಡೆಸಿದರು. ಬೋಲ್ಟ್ 14.35 ಸೆಕೆಂಡಿನಲ್ಲಿ ಮುಗಿಸಿದ. ಅದರಲ್ಲಿ ಕೊನೆಯ 100 ಮೀಟರಿಗೆ ಹಿಡಿದದ್ದು ಬರೀ 8.70 ಸೆಕೆಂಡು! ಇದು 9.58ಕ್ಕಿಂತ ಎಷ್ಟು ಕಡಿಮೆ ನೋಡಿ. ಆದರೂ ಯಾರೂ ಇದನ್ನು 100 ಮೀಟರ್ ದಾಖಲೆ ಎನ್ನಲಿಲ್ಲ. ಏಕೆಂದರೆ ಆ 100 ಮೀಟರ್ ಶುರುವಾದಾಗ ಅವನು ನಿಂತಿರಲಿಲ್ಲ, ಆಗಲೇ ಓಡುತ್ತಿದ್ದ. ಅಂದರೆ 100 ಮೀಟರ್ ಎಂದರೆ ಸಾಲದು, ‘ಯಾವ 100 ಮೀಟರ್’ ಎಂದೂ ಕೇಳಬೇಕು.

ಕಂಬಳದ ಲೆಕ್ಕ ಎಲ್ಲಿ ಜಾರಿತು?

ಈಗ ಐಕಳಕ್ಕೆ ಮರಳೋಣ. ತ್ರೈರಾಶಿಯ ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಲೆಕ್ಕದ ಹಿಂದೆ ನಾವು ಸುಮ್ಮನೆ ಒಪ್ಪಿಕೊಂಡ ಸಂಗತಿಗಳಲ್ಲಿ.

ಒಂದು: ತ್ರೈರಾಶಿ ಮಾಡುವಾಗ ಓಟಗಾರ ಮೊದಲಿನಿಂದ ಕೊನೆಯವರೆಗೆ ಒಂದೇ ಜವದಲ್ಲಿ ಓಡಿದ ಎಂದು ಒಪ್ಪಿಕೊಂಡೆವು. ಹಾಗೆ ಯಾರೂ ಓಡುವುದಿಲ್ಲ ಎಂದು ಈಗಷ್ಟೇ ನೋಡಿದೆವು. 142.5 ಮೀಟರಿನ ಮೊದಲ 100 ಮೀಟರಿಗೆ ನಿಜವಾಗಿ ಎಷ್ಟು ಸೆಕೆಂಡು ಹಿಡಿಯಿತು ಎಂಬುದು ಈ ಲೆಕ್ಕದಿಂದ ಗೊತ್ತಾಗುವುದಿಲ್ಲ.

ಎರಡು: ಕಂಬಳದಲ್ಲಿ ಓಟಗಾರ ಒಬ್ಬನೇ ಓಡುವುದಿಲ್ಲ. ಮುಂದೆ ಎರಡು ಬಲವಾದ ಕೋಣಗಳಿವೆ, ಅವು ಅವನನ್ನು ಎಳೆಯುತ್ತವೆ. 100 ಮೀಟರ್ ಓಟದ ನಿಯಮ ಎಷ್ಟು ಕಟ್ಟುನಿಟ್ಟು ಗೊತ್ತೇ? ಓಟಗಾರನ ಬೆನ್ನ ಹಿಂದಿನಿಂದ ಬೀಸುವ ಗಾಳಿಯ ಜವ ಸೆಕೆಂಡಿಗೆ 2 ಮೀಟರ್ ದಾಟಿದರೆ ಆ ಓಟವನ್ನು ದಾಖಲೆ ಎಂದು ಒಪ್ಪುವುದಿಲ್ಲ. ಬೆನ್ನ ಹಿಂದಿನ ಗಾಳಿಗೇ ಹೀಗಾದರೆ, ಮುಂದಿನ ಕೋಣಗಳಿಗೆ?

ಮೂರು: ಇನ್ನೊಂದು ಬದಿಯನ್ನೂ ನೋಡಬೇಕು. ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ. ನೀರು ಕಾಲನ್ನು ತಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಹೊಲದಲ್ಲಿ ಓಡಿ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಬೋಲ್ಟನಿಗೆ ಗಟ್ಟಿಯಾದ, ಪುಟಿಯುವ ಹಾದಿ ಮತ್ತು ಮೊಳೆ ಬೂಟು ಇದ್ದವು. ಕಂಬಳದವರಿಗೆ ಬರಿಗಾಲು. ಆದ್ದರಿಂದ ಕೆಸರು ಅವರ ಜವವನ್ನು ಕಡಿಮೆ ಮಾಡಿತು, ಕೋಣಗಳು ಹೆಚ್ಚು ಮಾಡಿದವು.

ಎಷ್ಟು ಕಡಿಮೆ, ಎಷ್ಟು ಹೆಚ್ಚು? ಅದನ್ನು ಯಾರೂ ಅಳೆದಿರಲಿಲ್ಲ. ಹಾಗಾಗಿ 9.56 ಮತ್ತು 9.58 ಎಂಬ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ಸೇರಿನಲ್ಲಿ ಅಳೆದ ಜೋಳವನ್ನೂ ತಕ್ಕಡಿಯಲ್ಲಿ ತೂಗಿದ ಜೋಳವನ್ನೂ ಬರೀ ಸಂಖ್ಯೆ ನೋಡಿ ಹೋಲಿಸಿದಂತೆ ಆಗುತ್ತದೆ.

ಈ ಮಾತನ್ನು ಹೇಳಿದವರು ಯಾರು ಗೊತ್ತೇ? ಸ್ವತಃ ಶ್ರೀನಿವಾಸ ಗೌಡರು! ಬೋಲ್ಟ್ ಜೊತೆ ತನ್ನನ್ನು ಹೋಲಿಸುವುದು ಸರಿಯಲ್ಲ, ತಾನು ಓಡುವುದು ಕೆಸರು ಗದ್ದೆಯಲ್ಲಿ, ಗೆಲುವಿನಲ್ಲಿ ಕೋಣಗಳ ಪಾಲೂ ಇದೆ ಎಂದು ಅವರು ಹೇಳಿದರು. ಕಂಬಳದಲ್ಲಿ ಹಿಮ್ಮಡಿಗೆ ಹೆಚ್ಚು ಕೆಲಸ, ಟ್ರ್ಯಾಕಿನ ಓಟದಲ್ಲಿ ಕಾಲ್ಬೆರಳುಗಳಿಗೆ ಹೆಚ್ಚು ಕೆಲಸ, ಎರಡೂ ಬೇರೆ ಎಂದು ವಿವರಿಸಿದರು. ಹೊಗಳಿಕೆಯ ಮಳೆ ಸುರಿಯುವಾಗ ಹೀಗೆ ಹೇಳುವುದು ಸುಲಭವಲ್ಲ. ಅವರು ಕಂಬಳದಲ್ಲಿ ದೊಡ್ಡ ಓಟಗಾರರು ಎಂಬುದಕ್ಕೆ ಬೋಲ್ಟನ ಹೆಸರಿನ ಆಸರೆ ಬೇಕಾಗಿಯೇ ಇಲ್ಲ.

ಬೇಸ್‌ಬಾಲ್ ಆಟಗಾರರನ್ನು ಅಳೆಯುವ ಬಗೆ

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ದಾಂಡಿನಿಂದ ಚೆಂಡು ಹೊಡೆದು, ‘ಬೇಸ್’ ಎಂಬ ಗುರುತಿನ ಕಡೆಗೆ ಓಡಬೇಕು. ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ, ಅಂದರೆ 27.43 ಮೀಟರ್. ಆಟಗಾರನೊಬ್ಬ ಚೆಂಡು ಹೊಡೆದು ಮೊದಲ ಬೇಸಿಗೆ 4.3 ಸೆಕೆಂಡಿನಲ್ಲಿ ತಲುಪಿದ ಎಂದುಕೊಳ್ಳಿ. ಸರಾಸರಿ ಜವ ಸೆಕೆಂಡಿಗೆ 6.4 ಮೀಟರ್, ಗಂಟೆಗೆ ಸುಮಾರು 23 ಕಿಲೋಮೀಟರ್. ಆದರೆ ಇದರಲ್ಲಿ ದಾಂಡು ಬೀಸಿ, ಅದನ್ನು ಬಿಟ್ಟು, ತಿರುಗಿ, ಹೊರಡುವ ಸಮಯವೂ ಸೇರಿದೆ. ಅವನ ಓಟದ ನಿಜವಾದ ಶಕ್ತಿ ಇದರಲ್ಲಿ ಕಾಣುವುದಿಲ್ಲ.

ಅದಕ್ಕಾಗಿ ಅಲ್ಲಿನ ದೊಡ್ಡ ಲೀಗಿನ ಮೈದಾನಗಳಲ್ಲಿ ಆಟಗಾರರನ್ನು ಕ್ಯಾಮೆರಾಗಳು ಹಿಂಬಾಲಿಸುತ್ತವೆ. ಇಡೀ ಓಟದಲ್ಲಿ ಅವನು ಅತಿ ಜೋರಾಗಿ ಓಡಿದ ಒಂದೇ ಒಂದು ಸೆಕೆಂಡನ್ನು ಹುಡುಕಿ, ಆ ಸೆಕೆಂಡಿನಲ್ಲಿ ಎಷ್ಟು ಅಡಿ ಸಾಗಿದ ಎಂದು ನೋಡುತ್ತಾರೆ. ಅಲ್ಲಿ ಸಾಮಾನ್ಯ ಆಟಗಾರ ಸೆಕೆಂಡಿಗೆ 27 ಅಡಿ ಓಡುತ್ತಾನೆ, ಅಂದರೆ ಗಂಟೆಗೆ ಸುಮಾರು 29.6 ಕಿಲೋಮೀಟರ್. 30 ಅಡಿ ಮುಟ್ಟಿದವನನ್ನು ಬಹಳ ಚುರುಕು ಎನ್ನುತ್ತಾರೆ. ನಮಗೆ ಅಂಥ ಕ್ಯಾಮೆರಾ ಇಲ್ಲ. ಆದರೆ ಅದೇ ಉಪಾಯವನ್ನು ನಮ್ಮ ಮೈದಾನದಲ್ಲೂ ಮಾಡಬಹುದು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅಳತೆ ಟೇಪು, ಸುಣ್ಣದ ಪುಡಿ, ಒಂದು ಕರವಸ್ತ್ರ, ಐದು ಸ್ಟಾಪ್‌ವಾಚ್. ಸ್ಟಾಪ್‌ವಾಚ್ ಇಲ್ಲದಿದ್ದರೆ ಶಿಕ್ಷಕರ ಮೊಬೈಲುಗಳಲ್ಲಿ ಇರುತ್ತದೆ. ದೈಹಿಕ ಶಿಕ್ಷಕರ ಸಹಾಯ ಪಡೆಯಿರಿ.

1. ಕಲ್ಲು, ಮುಳ್ಳು ಇಲ್ಲದ ಸಮತಟ್ಟಾದ ಜಾಗದಲ್ಲಿ 50 ಮೀಟರ್ ನೇರ ಗೆರೆ ಅಳೆಯಿರಿ. ಅದರಾಚೆ ನಿಲ್ಲಲು ಇನ್ನೂ 15 ಮೀಟರ್ ಜಾಗ ಇರಲಿ.
2. ಪ್ರತಿ 10 ಮೀಟರಿಗೆ ಸುಣ್ಣದಿಂದ ಅಡ್ಡ ಗೆರೆ ಎಳೆಯಿರಿ. ಪ್ರತಿ ಗೆರೆಯ ಬಳಿ ಒಬ್ಬರು ಗಡಿಯಾರ ಹಿಡಿದು ನಿಲ್ಲಲಿ.
3. ಶುರು ಮಾಡುವವರು ಕರವಸ್ತ್ರ ಎತ್ತಿ ಹಿಡಿದು ಥಟ್ಟನೆ ಕೆಳಗಿಳಿಸಲಿ. ಆಗ ಎಲ್ಲರೂ ಗಡಿಯಾರ ಒತ್ತಬೇಕು.
4. ಓಟಗಾರರ ಎದೆ ತಮ್ಮ ಗೆರೆ ದಾಟಿದಾಗ ಒಬ್ಬೊಬ್ಬರೂ ತಮ್ಮ ಗಡಿಯಾರ ನಿಲ್ಲಿಸಲಿ.

ಸೀಟಿ ಊದಿದರೆ ಆಗುವುದಿಲ್ಲವೇ ಎಂದು ಕೇಳುತ್ತೀರಾ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 100 ಮೀಟರ್ ದೂರ ನಿಂತವರಿಗೆ ಸೀಟಿ ಕೇಳಿಸುವುದು ಸುಮಾರು 0.3 ಸೆಕೆಂಡು ತಡವಾಗಿ. ಅವರ ಗಡಿಯಾರವೂ ತಡವಾಗಿ ಶುರುವಾಗಿ, ಓಟಗಾರ ಇರುವುದಕ್ಕಿಂತ ಚುರುಕಾಗಿ ಕಾಣುತ್ತಾನೆ. ಕರವಸ್ತ್ರ ಕಾಣುವುದು ಬೆಳಕಿನಿಂದ. ಅದಕ್ಕೆ ತಡವೇ ಇಲ್ಲ ಎನ್ನಬಹುದು.

ನಿಮ್ಮ ಗೆಳತಿಯೊಬ್ಬಳು ಓಡಿದಾಗ ಗಡಿಯಾರಗಳು 2.4, 4.0, 5.5, 7.0, 8.6 ಸೆಕೆಂಡು ತೋರಿಸಿದವು ಎಂದುಕೊಳ್ಳಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಹತ್ತು ಹತ್ತು ಮೀಟರಿಗೆ ಹಿಡಿದ ಕಾಲ 2.4, 1.6, 1.5, 1.5, 1.6 ಸೆಕೆಂಡು. ಸರಾಸರಿ ಜವ 50 ÷ 8.6, ಅಂದರೆ ಸೆಕೆಂಡಿಗೆ 5.8 ಮೀಟರ್. ಗರಿಷ್ಠ ಜವ 10 ÷ 1.5, ಅಂದರೆ ಸೆಕೆಂಡಿಗೆ 6.7 ಮೀಟರ್, ಗಂಟೆಗೆ 24 ಕಿಲೋಮೀಟರ್!

ಎಷ್ಟು ನಂಬಬಹುದು?

ತಡೆಯಿರಿ. ಕಣ್ಣಿಗೆ ಕಂಡದ್ದು ಮಿದುಳಿಗೆ ಮುಟ್ಟಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡು ಕಳೆಯುತ್ತದೆ. ಒಬ್ಬರ ಬೆರಳು ಚುರುಕು, ಇನ್ನೊಬ್ಬರದು ನಿಧಾನ. ಹಾಗಾಗಿ 1.5 ಸೆಕೆಂಡು ಎಂಬುದು ನಿಜದಲ್ಲಿ 1.3 ಇರಬಹುದು, 1.7 ಇರಬಹುದು. 1.3 ಆದರೆ ಜವ 7.7 ಮೀಟರ್, 1.7 ಆದರೆ 5.9 ಮೀಟರ್. ಎಷ್ಟು ದೊಡ್ಡ ಅಂತರ! ಅದೇ 0.2 ಸೆಕೆಂಡಿನ ತಪ್ಪು ಇಡೀ 50 ಮೀಟರಿನಲ್ಲಿ ಆದರೆ? 8.4 ಸೆಕೆಂಡಿಗೆ 5.95 ಮೀಟರ್, 8.8 ಸೆಕೆಂಡಿಗೆ 5.68 ಮೀಟರ್. ಅಂತರ ಅತಿ ಸಣ್ಣದು.

ಅಂದರೆ ದೂರ ಚಿಕ್ಕದಾದರೆ ಬೆರಳಿನ ತಪ್ಪು ದೊಡ್ಡದಾಗುತ್ತದೆ. ದೂರ ದೊಡ್ಡದಾದರೆ ಗರಿಷ್ಠ ಜವ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಏನು ಮಾಡುವುದು? ನಡುವಿನ ದಾರಿ ಹಿಡಿಯಬೇಕು. ಮೊದಲ 20 ಮೀಟರನ್ನು ವೇಗ ಹಿಡಿಯಲು ಬಿಟ್ಟು, ಮುಂದಿನ 20 ಮೀಟರನ್ನು ಅಳೆಯಿರಿ. ಒಂದೇ ಗೆರೆಯ ಬಳಿ ಮೂವರು ಗಡಿಯಾರ ಹಿಡಿಯಿರಿ. ಮೂರೂ ಬೇರೆ ಬೇರೆ ಬಂದರೆ ನಡುವಿನದನ್ನು ತೆಗೆದುಕೊಳ್ಳಿ. ಕೈಗಡಿಯಾರದಿಂದ ಅಳೆಯುವ ದೊಡ್ಡ ಓಟದ ಪಂದ್ಯಗಳ ನಿಯಮವೂ ಇದೇ. ಆಮೇಲೆ ಓಟಗಾರರಿಗೆ ಸಾಕಷ್ಟು ವಿಶ್ರಾಂತಿ ಕೊಟ್ಟು ಮೂರು ಸಲ ಓಡಿಸಿ, ಸರಾಸರಿ ತೆಗೆಯಿರಿ.

ಗಡಿಯಾರದ ತಪ್ಪನ್ನು ಪತ್ತೆ ಮಾಡಲು ಇನ್ನೊಂದು ದಾರಿಯಿದೆ: ಹೆಜ್ಜೆ ಗುರುತು. ಬೋಲ್ಟ್ 100 ಮೀಟರನ್ನು ಸುಮಾರು 41 ಹೆಜ್ಜೆಗಳಲ್ಲಿ ಮುಗಿಸುತ್ತಿದ್ದ. ಅಂದರೆ ಒಂದು ಹೆಜ್ಜೆಗೆ ಸುಮಾರು 2.4 ಮೀಟರ್, ಒಂದು ಸೆಕೆಂಡಿಗೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಹೆಜ್ಜೆ. ನಮ್ಮ ಮೈದಾನದ ಮಣ್ಣಿನ ಮೇಲೆ ಓಡಿದವರ ಹೆಜ್ಜೆ ಸ್ಪಷ್ಟವಾಗಿ ಮೂಡುತ್ತದೆ. ಗುರುತುಗಳ ನಡುವಿನ ದೂರ ಅಳೆಯಿರಿ. ಮೊಬೈಲಿನಲ್ಲಿ ವಿಡಿಯೋ ತೆಗೆದು ಸೆಕೆಂಡಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ಎರಡನ್ನೂ ಗುಣಿಸಿದರೆ ಜವ ಸಿಗುತ್ತದೆ. ಗಡಿಯಾರದ ಉತ್ತರವೂ ಹೆಜ್ಜೆಯ ಉತ್ತರವೂ ಹತ್ತಿರ ಹತ್ತಿರ ಬಂದರೆ ನಿಮ್ಮ ಅಳತೆಯನ್ನು ಧೈರ್ಯದಿಂದ ನಂಬಿರಿ. ದೂರ ಉಳಿದರೆ? ಎಲ್ಲೋ ತಪ್ಪಾಗಿದೆ, ಹುಡುಕಿ!

ಇಷ್ಟೆಲ್ಲ ಏಕೆ?

ವಲಯ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಒಂದು ಸೆಕೆಂಡಿನ ಸಣ್ಣ ಪಾಲು ಒಬ್ಬರನ್ನು ಮುಂದಕ್ಕೆ ಕಳಿಸುತ್ತದೆ, ಇನ್ನೊಬ್ಬರನ್ನು ಮನೆಗೆ ಕಳಿಸುತ್ತದೆ. ತಪ್ಪಾಗಿ ಅಳೆದರೆ ಓಡಬಲ್ಲ ಮಗುವಿಗೆ ಅನ್ಯಾಯವಾಗುತ್ತದೆ. ಹೆಚ್ಚಾಗಿ ಅಳೆದು ಹೊಗಳಿದರೂ ಅನ್ಯಾಯವೇ. ಮುಂದೊಂದು ದಿನ ನಿಜವಾದ ಗಡಿಯಾರದ ಮುಂದೆ ಆ ಮಗು ನಿಲ್ಲಬೇಕಾಗುತ್ತದೆ. ಸರಿಯಾದ ಅಳತೆ ಎಂದರೆ ಓಟಗಾರರಿಗೆ ನಾವು ಕೊಡುವ ಗೌರವ.

ಮುಂದಿನ ಕಾರ ಹುಣ್ಣಿಮೆಗೆ ಕಟ್ಟೆಯ ಮೇಲೆ ವಾದ ಶುರುವಾದಾಗ ನೀವು ಏನು ಕೇಳುತ್ತೀರಿ? “ಎಷ್ಟು ದೂರ? ಎಷ್ಟು ಸೆಕೆಂಡು? ನಿಂತಲ್ಲಿಂದಲೋ, ಓಡುತ್ತಲೋ? ಅಳೆದವರು ಯಾರು?” ಈ ನಾಲ್ಕು ಪ್ರಶ್ನೆ ಕೇಳುವುದನ್ನು ಕಲಿತರೆ ಅರ್ಧ ವಿಜ್ಞಾನ ಕಲಿತಂತೆಯೇ.

ಲೆಕ್ಕ ಮಾಡಿ

1. ಕ್ರಿಕೆಟ್ ಪಿಚ್ಚಿನಲ್ಲಿ ಒಂದು ರನ್ನಿಗೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ 17.68 ಮೀಟರ್. ಒಬ್ಬ ಆಟಗಾರ 3 ಸೆಕೆಂಡಿನಲ್ಲಿ ಈ ದೂರ ಓಡಿದರೆ ಸರಾಸರಿ ಜವ ಎಷ್ಟು?
2. ಒಂದು ಹೆಜ್ಜೆ 1.5 ಮೀಟರ್, ಸೆಕೆಂಡಿಗೆ 4 ಹೆಜ್ಜೆ. ಜವ ಗಂಟೆಗೆ ಎಷ್ಟು ಕಿಲೋಮೀಟರ್?
3. ಮ್ಯಾಂಚೆಸ್ಟರಿನಲ್ಲಿ ಬೋಲ್ಟ್ ಮೊದಲ 50 ಮೀಟರಿಗೆ ತೆಗೆದುಕೊಂಡ ಕಾಲ ಎಷ್ಟು?

ಉತ್ತರಗಳು: 1. ಸೆಕೆಂಡಿಗೆ ಸುಮಾರು 5.9 ಮೀಟರ್. 2. ಗಂಟೆಗೆ 21.6 ಕಿಲೋಮೀಟರ್. 3. 5.65 ಸೆಕೆಂಡು.